ಕೊನೆಗಳಿಗೆಯಲ್ಲಿ ನಂಬಿದವನಿಗೂ ರಕ್ಷಣೆ ಸಿಗುವುದಾದರೆ ಒಳ್ಳೆಯವನಾಗಿ ಬದುಕಿದವನಿಗೆ ಅನ್ಯಾಯವಾಗುವುದಿಲ್ಲವೇ?

ನಿಮ್ಮ ಪ್ರಶ್ನೆ ಇದು: ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುವುದು ಸತ್ಕರ್ಮದಿಂದಲ್ಲ, ದೇವರ ಕೃಪೆಯಿಂದ, ನಂಬಿಕೆಯ ಮೂಲಕ ಎಂದು ಕ್ರೈಸ್ತರು ಹೇಳುತ್ತಾರೆ. ಹಾಗಾದರೆ ಬದುಕಿಡೀ ಅನ್ಯಾಯ ಮಾಡಿದವನು ಸಾಯುವ ಹೊತ್ತಿಗೆ ‘ನಂಬಿದೆ’ ಎಂದುಬಿಟ್ಟರೆ ಮುಗಿಯಿತೇ? ಯಾರನ್ನೂ ನಂಬದೆ, ಆದರೆ ಯಾರಿಗೂ ಕೇಡು ಬಗೆಯದೆ ಬದುಕಿದವನ ಗತಿಯೇನು?

ನಾನು ಕ್ರೈಸ್ತ. ಇದು ಹೊರಗಿನವರ ಟೀಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಇದೇ ಆಕ್ಷೇಪವನ್ನು ಯೇಸುವೇ ತನ್ನ ಕಥೆಯೊಂದರಲ್ಲಿ ಒಬ್ಬರ ಬಾಯಲ್ಲಿ ಆಡಿಸಿದ್ದಾನೆ. ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಕಥೆ ಅದು. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನಕ್ಕೆ ಒಂದು ದಿನಾರಿ ಎಂದು ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಮತ್ತೆ ಹೋಗುತ್ತಾನೆ. ಸಂಜೆ ಐದರ ಸುಮಾರಿಗೆ ಹೋದಾಗಲೂ ಕೆಲವರು ಅಲ್ಲೇ ನಿಂತಿರುತ್ತಾರೆ. ‘ಯಾಕೆ ಸುಮ್ಮನೆ ನಿಂತಿದ್ದೀರಿ?’ ಎಂದರೆ ‘ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ’ ಎನ್ನುತ್ತಾರೆ. ಅವರನ್ನೂ ಕರೆತರುತ್ತಾನೆ. ಹೊತ್ತು ಮುಳುಗಿದ ಮೇಲೆ ಕೂಲಿ ಕೊಡುವಾಗ ಕೊನೆಗೆ ಬಂದವರಿಂದಲೇ ಶುರು. ಒಂದೇ ತಾಸು ದುಡಿದವರಿಗೆ ಇಡೀ ದಿನಾರಿ! ಬಿಸಿಲಲ್ಲಿ ದಿನವಿಡೀ ಬೆವರು ಸುರಿಸಿದವರ ಕೈಗೂ ಅದೇ ಒಂದು ದಿನಾರಿ. ಅವರು ಗೊಣಗುತ್ತಾರೆ. ನೀವು ಕೇಳಿದ್ದೂ ಅದನ್ನೇ.

ಯಜಮಾನನ ಉತ್ತರ ನೇರವಾಗಿದೆ: ನಿನ್ನ ಜೊತೆ ಮಾತಾಡಿದಷ್ಟು ಕೊಟ್ಟಿದ್ದೇನೆ, ನಿನಗೇನೂ ಮೋಸ ಮಾಡಿಲ್ಲ, ನನ್ನದನ್ನು ಉದಾರವಾಗಿ ಕೊಟ್ಟರೆ ನಿನಗೇಕೆ ಹೊಟ್ಟೆಕಿಚ್ಚು? ನನ್ನ ಮನಸ್ಸು ಇಲ್ಲಿ ಇನ್ನೊಂದು ಕಡೆಗೂ ಹೋಗುತ್ತದೆ. ಒಂದು ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ. ಸಂಜೆ ಐದರವರೆಗೆ ಯಾರೂ ಕರೆಯದೆ ನಿಂತವನ ಮನೆಯವರ ಹಸಿವು ಉಳಿದವರ ಹಸಿವಿಗಿಂತ ಕಡಿಮೆಯೇನಲ್ಲವಲ್ಲ. ಯಜಮಾನ ಲೆಕ್ಕ ಹಾಕಿದ್ದು ದುಡಿಮೆಯನ್ನಲ್ಲ, ಅಗತ್ಯವನ್ನು.

ರಕ್ಷಣೆಯನ್ನು ಕೂಲಿ ಎಂದುಕೊಂಡರೆ ನಿಮ್ಮ ಆಕ್ಷೇಪ ನೂರಕ್ಕೆ ನೂರು ಸರಿ. ಆದರೆ ಕ್ರೈಸ್ತ ಧರ್ಮದ ಮೊದಲ ಬೋಧಕರಲ್ಲೊಬ್ಬನಾದ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಈ ಎರಡನ್ನೂ ಬೇರೆ ಮಾಡುತ್ತಾನೆ. ದುಡಿದವನಿಗೆ ಸಿಗುವುದು ಸಲ್ಲಬೇಕಾದ ಬಾಕಿ, ಅದನ್ನು ಯಾರೂ ಕೃಪೆ ಎನ್ನುವುದಿಲ್ಲ. ರಕ್ಷಣೆ ಬಾಕಿಯ ಲೆಕ್ಕದಲ್ಲಿ ಬರುವುದೇ ಇಲ್ಲ. ಬರುವಂತಿದ್ದರೆ ನಮ್ಮಲ್ಲಿ ಯಾರಿಗೂ ದಕ್ಕುತ್ತಿರಲಿಲ್ಲ ಎಂಬುದು ಅವನ ವಾದದ ಇನ್ನೊಂದು ಅರ್ಧ. ‘ಎಲ್ಲರೂ ಪಾಪಮಾಡಿದ್ದಾರೆ’ ಎಂದು ಅದಕ್ಕೂ ಮುಂಚಿನ ಅಧ್ಯಾಯದಲ್ಲೇ ಹೇಳಿ ಆಗಿದೆ. ಇದನ್ನು ಒಪ್ಪುವುದು ಒಳ್ಳೆಯವರಿಗೇ ಹೆಚ್ಚು ಕಷ್ಟ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಇಬ್ಬರನ್ನು ನೋಡಿ. ಒಬ್ಬ ಫರಿಸಾಯ, ಅಂದರೆ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು; ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಗಳಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುವವನು. ಅವನು ಸುಳ್ಳು ಹೇಳುತ್ತಿದ್ದಾನೆಂದು ಯೇಸು ಎಲ್ಲೂ ಹೇಳುವುದಿಲ್ಲ. ಆದರೆ ಅವನ ಪ್ರಾರ್ಥನೆಯಲ್ಲಿ ದೇವರನ್ನು ಕೇಳುವಂಥದ್ದು ಏನೂ ಇಲ್ಲ. ದೂರದಲ್ಲಿ ನಿಂತು ಎದೆ ಬಡಿದುಕೊಂಡ ಇನ್ನೊಬ್ಬ, ಜನ ಪಾಪಿಯೆಂದು ಹಳಿಯುತ್ತಿದ್ದ ಸುಂಕ ವಸೂಲಿಗಾರ, ಕೇಳಿದ್ದು ಕರುಣೆಯನ್ನು ಮಾತ್ರ. ನೀತಿವಂತನೆನಿಸಿಕೊಂಡು ಮನೆಗೆ ಹೋದದ್ದು ಅವನೇ.

ಈಗ ಕೊನೆಗಳಿಗೆಯ ವಿಷಯ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಅಪರಾಧಿಯದು (ಲೂಕ 23). ಅದನ್ನು ಅವಸರದಲ್ಲಿ ಓದಿದರೆ ‘ಒಂದು ಮಾತು ಹೇಳಿದ, ಸ್ವರ್ಗ ಸಿಕ್ಕಿತು’ ಎಂದೇ ಅನಿಸುತ್ತದೆ. ನಿಧಾನವಾಗಿ ಓದಿ. ಅವನು ಮೊದಲು ಮಾತಾಡುವುದು ಯೇಸುವಿನ ಜೊತೆ ಅಲ್ಲ, ಹೀಯಾಳಿಸುತ್ತಿದ್ದ ಇನ್ನೊಬ್ಬ ಅಪರಾಧಿಯ ಜೊತೆ. ನಮಗಾದ ಶಿಕ್ಷೆ ನ್ಯಾಯವೇ, ನಾವು ಮಾಡಿದ್ದಕ್ಕೆ ತಕ್ಕದ್ದನ್ನು ಅನುಭವಿಸುತ್ತಿದ್ದೇವೆ, ಈತನಾದರೋ ಏನೂ ತಪ್ಪು ಮಾಡಿದವನಲ್ಲ ಎನ್ನುತ್ತಾನೆ. ತನ್ನ ಅಪರಾಧಕ್ಕೆ ಒಂದು ಸಮಜಾಯಿಷಿಯನ್ನೂ ಕೊಡುವುದಿಲ್ಲ. ಆಮೇಲೆ ಕೇಳುವುದಾದರೂ ಎಷ್ಟು? ನೀನು ನಿನ್ನ ರಾಜ್ಯಕ್ಕೆ ಬರುವಾಗ ನನ್ನನ್ನು ನೆನಪು ಮಾಡಿಕೋ, ಅಷ್ಟೇ. ಇಳಿಸು ಎಂದು ಕೇಳಲಿಲ್ಲ, ಯಾರೂ ಇಳಿಸಲೂ ಇಲ್ಲ. ಸಂಜೆಯ ಹೊತ್ತಿಗೆ, ಬೇಗ ಸಾಯಲೆಂದು, ಅವನ ಕಾಲು ಮುರಿದರು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಕ್ಷಮೆ ಪೂರ್ತಿಯಾಗಿ ಸಿಕ್ಕಿತು, ಶಿಕ್ಷೆ ಮಾತ್ರ ತಪ್ಪಲಿಲ್ಲ. ಕೃಪೆ ಎಂದರೆ ನ್ಯಾಯಾಲಯಕ್ಕೆ ಬೀಗ ಹಾಕುವುದು, ನೊಂದವರ ಬಾಯಿ ಮುಚ್ಚಿಸುವುದು ಎಂದು ಯಾರಾದರೂ ಬಳಸಿದರೆ ಅದು ದುರುಪಯೋಗ. ಹಾಗೆ ಬಳಸಿದ್ದನ್ನು ಕಂಡಿದ್ದೇನೆ, ಕಂಡಾಗ ಸಿಟ್ಟು ಬರುತ್ತದೆ. ಪಾಪಕ್ಕೆ ಬೆಲೆಯೇ ಇಲ್ಲ ಎಂಬುದು ಕ್ರೈಸ್ತ ಬೋಧನೆಯಲ್ಲ. ಆ ಬೆಲೆಯನ್ನು ಕ್ರಿಸ್ತ ತೆತ್ತ ಎಂಬುದು ಬೋಧನೆ.

ಹಾಗಾದರೆ ‘ಈಗ ಮಜಾ ಮಾಡಿ, ಕೊನೆಗೆ ನಂಬಿದರಾಯಿತು’ ಎಂದು ಲೆಕ್ಕ ಹಾಕುವವನು? ಅವನಿಗೆ ಬೇಕಾಗಿರುವುದು ದೇವರಲ್ಲ, ದೇವರಿಂದ ತಪ್ಪಿಸಿಕೊಳ್ಳುವ ದಾರಿ. ಯಾಕೋಬನ ಪತ್ರಿಕೆ ಇದಕ್ಕೆ ಬಲವಾದ ಪೆಟ್ಟು ಕೊಡುತ್ತದೆ: ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಒಂದು ಸಂಗತಿ ನಿಜವೆಂದು ಒಪ್ಪಿದ ಮಾತ್ರಕ್ಕೆ ಅದು ನಂಬಿಕೆಯಾಗುವುದಿಲ್ಲ. ತನ್ನನ್ನೇ ಒಪ್ಪಿಸಿಕೊಡುವುದು ನಂಬಿಕೆ, ಮತ್ತು ಒಪ್ಪಿಸಿಕೊಂಡವನು ಮೊದಲಿನಂತೆ ಉಳಿಯುವುದಿಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ‘ಕೃಪೆಯಿಂದಲೇ ರಕ್ಷಣೆ, ಅದು ಕ್ರಿಯೆಗಳಿಂದ ಬಂದದ್ದಲ್ಲ’ ಎನ್ನುವ 8 ಮತ್ತು 9ನೇ ವಚನಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಯಾದವರು ಎನ್ನುವ 10ನೇ ವಚನ ಮಾತ್ರ ಯಾಕೋ ಬಿಟ್ಟುಹೋಗುತ್ತದೆ. ಮೂರನ್ನೂ ಒಟ್ಟಿಗೆ ಓದದಿದ್ದರೆ ಅರ್ಥ ಕುಂಟುತ್ತದೆ. ಲೂಕನ ಸುವಾರ್ತೆಯಲ್ಲಿ ಬರುವ ಸಿರಿವಂತ ಸುಂಕ ವಸೂಲಿಗಾರ ಜಕ್ಕಾಯನ ಕಥೆಯಲ್ಲಿ ಈ ಕ್ರಮ ಕಣ್ಣಿಗೆ ಕಟ್ಟಿದಂತಿದೆ. ‘ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು’ ಎಂದು ಯೇಸು ಮೊದಲು ಹೇಳಿದ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂಬ ಮಾತು ಜಕ್ಕಾಯನ ಬಾಯಿಂದ ಬಂದದ್ದು ಆಮೇಲೆ.

ಈ ಬೋಧನೆ ನನಗೆ ಯಾಕಿಷ್ಟು ಮುಖ್ಯ ಎಂದು ಹೇಳಲೇಬೇಕು. ಬದುಕಿಡೀ ಇತರರಿಗಾಗಿ ದುಡಿದ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದಾಗ ಅವರ ಪಕ್ಕ ಕೂತಿದ್ದೆ. ಅವರ ಬಾಯಲ್ಲಿ ಒಂದೇ ಮಾತು: ‘ನಾನು ಮಾಡಿದ್ದು ಸಾಕಾಯಿತಾ?’ ಅವರು ಮಾಡಿದ ಒಳ್ಳೆಯ ಕೆಲಸಗಳನ್ನು ಒಂದೊಂದಾಗಿ ನೆನಪಿಸಿದೆವು. ಅವರಿಗೆ ಮಾತ್ರ ಮಾಡದೆ ಉಳಿದವುಗಳೇ ನೆನಪಾಗುತ್ತಿದ್ದವು. ಕರ್ಮದ ಲೆಕ್ಕಕ್ಕೆ ‘ಸಾಕು’ ಎಂಬ ಗೆರೆಯೇ ಇಲ್ಲ. ‘ನೀವು ಮಾಡಿದ್ದರಿಂದ ಅಲ್ಲ, ಆತ ಮಾಡಿದ್ದರಿಂದ’ ಎಂದಾಗಲೇ ಅವರು ಹಗುರಾದದ್ದು. ಒಳ್ಳೆಯವರಿಗೆ ಅನ್ಯಾಯವೆಂದು ಕಾಣುವ ಈ ಮಾತು ಬೇಕಾಗಿದ್ದದ್ದು ಅಂಥ ಒಳ್ಳೆಯವರಿಗೇ.

ಎಲ್ಲ ಕ್ರೈಸ್ತರೂ ಇದನ್ನು ಒಂದೇ ರೀತಿ ವಿವರಿಸುವುದಿಲ್ಲ. ಮನುಷ್ಯ ತನ್ನ ಸ್ವಂತ ಇಚ್ಛೆಯ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂದ ಪೆಲಾಗಿಯಸನ ಬೋಧನೆಯನ್ನು 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ತಿರಸ್ಕರಿಸಿತು. ಅವನ ವಿರುದ್ಧ ಬರೆದವರಲ್ಲಿ ಬಿಷಪ್ ಅಗಸ್ಟೀನ್ ಪ್ರಮುಖ. ಆದರೂ ಕೃಪೆಗೆ ಮನುಷ್ಯ ಎಷ್ಟರ ಮಟ್ಟಿಗೆ ಸ್ಪಂದಿಸಬೇಕು ಎಂಬ ಚರ್ಚೆ ನಿಲ್ಲಲಿಲ್ಲ. ಮರ್ಕಟ ಕಿಶೋರ, ಮಾರ್ಜಾಲ ಕಿಶೋರ ನ್ಯಾಯಗಳನ್ನು ಕೇಳಿದ್ದರೆ ನಿಮಗೆ ಸುಲಭವಾಗಿ ತಿಳಿಯುತ್ತದೆ: ಕೋತಿಮರಿಯಂತೆ ಮರಿಯೇ ತಾಯಿಯನ್ನು ಅವುಚಿಕೊಳ್ಳಬೇಕೋ, ಬೆಕ್ಕಿನಂತೆ ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತಾಳೋ? ನಂಬಿಕೆಯೊಂದರಿಂದಲೇ ಎಂದು 16ನೇ ಶತಮಾನದ ಜರ್ಮನ್ ಸುಧಾರಕ ಲೂಥರ್ ಹೇಳಿದ. ಕೃಪೆಯೇ ಮೊದಲು, ಆದರೆ ಮನುಷ್ಯ ಅದರೊಂದಿಗೆ ಸಹಕರಿಸಬೇಕು ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಹೇಳಿತು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ನಂತರ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ. ಭಿನ್ನಾಭಿಪ್ರಾಯಗಳೆಲ್ಲ ಕರಗಿದವೆಂದಲ್ಲ, ಮೂಲದ ಬಗ್ಗೆ ಜಗಳವಿಲ್ಲ ಎಂದು.

ನಿಮ್ಮ ಕೊನೆಯ ಪ್ರಶ್ನೆ, ನಂಬದ ಒಳ್ಳೆಯವರ ಬಗ್ಗೆ. ಕ್ರಿಸ್ತನನ್ನು ತಿಳಿದು ನಂಬಿದವರಿಗೆ ಮಾತ್ರ ರಕ್ಷಣೆ ಎಂದು ಅನೇಕ ಸುವಾರ್ತಾ (ಇವ್ಯಾಂಜೆಲಿಕಲ್) ಸಭೆಗಳು ಬೋಧಿಸುತ್ತವೆ. ತನ್ನದಲ್ಲದ ತಪ್ಪಿನಿಂದ ಕ್ರಿಸ್ತನನ್ನು ಅರಿಯದೆ, ಆದರೂ ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕುತ್ತ, ಮನಸ್ಸಾಕ್ಷಿಗೆ ತಕ್ಕಂತೆ ನಡೆಯಲು ಯತ್ನಿಸುವವರೂ ರಕ್ಷಣೆ ಹೊಂದಬಹುದು ಎಂದು 1964ರಲ್ಲಿ ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಅಲ್ಲಿಯೂ ಹಾಗೆ ಯತ್ನಿಸಲು ಪ್ರೇರೇಪಿಸುವುದು ಕೃಪೆಯೇ ಎಂಬ ಮಾತಿದೆ. ನಾನು ಈ ಎರಡನೆಯದರ ಕಡೆಗೆ ವಾಲುತ್ತೇನೆ. ಸಂಜೆ ಐದಕ್ಕೂ ಪೇಟೆಗೆ ಹೋಗಿ ಹುಡುಕಿದ ಯಜಮಾನನ ಬಗ್ಗೆ ಓದಿದ ಮೇಲೆ, ಯಾರನ್ನು ಆತ ಕರೆಯಲಿಲ್ಲ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ ಎಂದೇ ನನಗನಿಸುತ್ತದೆ.