ಕ್ಯಾನ್ಸಾಸ್‌ನಲ್ಲಿ ಓಣಿ ಇಲ್ಲ ತಮ್ಮಾ

ನೀನು ಇಂಡಿ ತಾಲ್ಲೂಕಿನವನು ಅಂತ ಓದಿ ಖುಷಿಯಾಯಿತು ತಮ್ಮಾ. ನಾನು ಸಿಂದಗಿ ಕಡೆಯವನು, ಅಮೆರಿಕದ ಕ್ಯಾನ್ಸಾಸ್ ರಾಜ್ಯಕ್ಕೆ ಹೋಗಿ ಹದಿನಾರು ವರ್ಷ ಆಯಿತು. ಈಗ ರಜೆಗೆ ಬಂದು ವಿಜಯಪುರದಲ್ಲಿ ಅಕ್ಕನ ಮನೆ ಮಾಳಿಗೆ ಮೇಲೆ ಕೂತು ಬರೆಯುತ್ತಿದ್ದೇನೆ, ಕೆಳಗೆ ಓಣಿಯ ಗದ್ದಲ. ಪಶ್ಚಿಮ ಕ್ಯಾನ್ಸಾಸ್‌ನ ಸಣ್ಣ ಊರಿನಲ್ಲಿ ನಿನಗೆ ಕೆಲಸ ಸಿಕ್ಕಿದೆ, ಅಲ್ಲಿ ಜೋಳದ ರೊಟ್ಟಿ ಸಿಗುತ್ತಾ ಅಂತ ಕೇಳಿದ್ದೀಯ. "ಅಲ್ಲಿ ಮನುಷ್ಯರೇ ಕಾಣೋದಿಲ್ಲವಂತೆ, ಹೊತ್ತು ಹೇಗೆ ಹೋಗುತ್ತೆ" ಅನ್ನೋದು ನಿನ್ನ ಹೆಂಡತಿಯ ಚಿಂತೆ.

ಜೋಳದ ಮಾತು ಸುಲಭ. ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಜೋಳ ಬೆಳೆಯುವುದು ಕ್ಯಾನ್ಸಾಸ್‌ನಲ್ಲೇ, ಮೈಲೋ ಅಂತಾರೆ. ಆದರೆ ಗಿಡ ಗಿಡ್ಡ, ತೆನೆ ಕೆಂಪು, ಕಾಳು ಹೋಗುವುದು ದನಗಳಿಗೆ ಮತ್ತು ಎಥನಾಲ್ ಕಾರ್ಖಾನೆಗೆ. ಒಬ್ಬ ರೈತನ ಹತ್ತಿರ ಐದು ಕೇಜಿ ಕೇಳಿದಾಗ "ಎಷ್ಟು ದನ ಕಟ್ಟಿದ್ದೀಯ?" ಅಂದ. ಮಿಕ್ಸಿಯಲ್ಲಿ ಬೀಸಿ ತಟ್ಟಿದೆ, ನಮ್ಮ ಬಿಳಿಜೋಳದ ಜಿಗಿ ಅದಕ್ಕಿಲ್ಲ, ಹೆಂಚಿಗೆ ಹಾಕುವಷ್ಟರಲ್ಲಿ ನಾಲ್ಕು ಚೂರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗು.

ಜನರ ವಿಷಯ ಬೇರೆ. ಹಳ್ಳಿ ಅಂದರೆ ನಮಗೆ ಒತ್ತೊತ್ತಾಗಿ ಮನೆ, ಸುತ್ತ ಎರಿ ಹೊಲ, ಅಲ್ವಾ? ಅಲ್ಲಿ ಹಾಗಿಲ್ಲ. ಶಯನ್, ಅರಾಪಾಹೋ ಅನ್ನೋ ಮೂಲನಿವಾಸಿ ಜನರನ್ನು ಒಕ್ಕಲೆಬ್ಬಿಸಿದ ನೆಲ ಅದು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಬ್ಬರಿಗೆ 160 ಎಕರೆ ಸಿಗುತ್ತಿತ್ತು, ಆದರೆ ಅದೇ ಹೊಲದಲ್ಲಿ ಮನೆ ಕಟ್ಟಿ ಐದು ವರ್ಷ ಇರಬೇಕಿತ್ತು. ಹೀಗಾಗಿ ಅವರವರ ಮನೆ ಅವರವರ ಹೊಲದಲ್ಲಿ, ಓಣಿ ಹುಟ್ಟಲೇ ಇಲ್ಲ. ಆಮೇಲೆ ದೊಡ್ಡ ಯಂತ್ರ ಬಂದವು, ಒಬ್ಬನೇ ಹತ್ತು ಮಂದಿಯ ಹೊಲ ಮಾಡತೊಡಗಿದ, ಆ ಮನೆಗಳೂ ಖಾಲಿಯಾದವು.

ಬಿಡುವಾದಾಗ ನಿಕೋಡೆಮಸ್ ನೋಡಿ ಬಾ. 1877ರಲ್ಲಿ, ನಮ್ಮ ಸೀಮೆ ಆ ದೊಡ್ಡ ಬರದಲ್ಲಿ ಒದ್ದಾಡುತ್ತಿದ್ದಾಗ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕೆಂಟಕಿಯಿಂದ ಬಂದು ಕಟ್ಟಿದ ಊರು. ಮನೆ ಕಟ್ಟಲು ಮರವೇ ಇಲ್ಲ, ನೆಲ ತೋಡಿ ಅದರೊಳಗೆ ಚಳಿಗಾಲ ಕಳೆದರು. 1888ರಲ್ಲಿ ರೈಲು ಬೇರೆ ದಾರಿ ಹಿಡಿಯಿತು, ಊರು ಕರಗಿತು. ಈಗ ಅಲ್ಲಿರೋದು ಬೆರಳೆಣಿಕೆಯ ಮಂದಿ. ಆದರೂ ಪ್ರತಿ ಬೇಸಿಗೆ ಅವರ ಮೊಮ್ಮಕ್ಕಳು, ಮರಿಮಕ್ಕಳು ದೂರದೂರದಿಂದ ಬಂದು ಸೇರುತ್ತಾರೆ, ಥೇಟ್ ನಮ್ಮ ಊರ ಜಾತ್ರೆ.

ಇನ್ನೊಂದು, ಸುಂಟರಗಾಳಿ ಸೈರನ್. ಅಲ್ಲಿ ನಾವಿರುವ ಊರಲ್ಲಿ ಸೋಮವಾರ ಮಧ್ಯಾಹ್ನ ಸುಮ್ನೆ ಪರೀಕ್ಷೆಗೆ ಊದುತ್ತಾರೆ. ನನಗೆ ಯಾರೂ ಹೇಳಿರಲಿಲ್ಲ. ಮಗುವನ್ನು ಎತ್ತಿಕೊಂಡು ನೆಲಮನೆಗೆ ಓಡಿ ಒಂದು ತಾಸು ಕೂತಿದ್ದೆವು. ಹೊರಗೆ ಬಂದರೆ ಪಕ್ಕದ ಅಜ್ಜಿ ಆರಾಮಾಗಿ ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಳು! ಅವತ್ತಿನಿಂದಲೇ ಆಕೆಯ ಪರಿಚಯ.

ಬೆಳಿಗ್ಗೆ ಆರಕ್ಕೆ ಕಾಳಿನ ಗೋದಾಮಿನ ಹತ್ತಿರ ರೈತರು ಕಾಫಿಗೆ ಸೇರುತ್ತಾರೆ. ಹೋಗಿ ಕೂತು ಮಳೆ ಎಷ್ಟಾಯಿತು ಅಂತ ಕೇಳು, ಉಳಿದದ್ದು ಅವರೇ ಮಾತಾಡುತ್ತಾರೆ. ನಿನ್ನ ಹೆಂಡತಿಗೆ ಮಾತ್ರ ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಡ್ರೈವಿಂಗ್ ಕಲಿಸು, ಮುಂದೂಡಬೇಡ. ನಾನು ಎರಡು ವರ್ಷ ಮುಂದೂಡಿದೆ, ಅದನ್ನು ನನ್ನ ಮನೆಯವಳು ಇವತ್ತಿಗೂ ಎತ್ತಿ ಆಡುತ್ತಾಳೆ.