ಅವಳ ಗಂಡನನ್ನು ಕರೆಸಿ ಬುದ್ಧಿ ಹೇಳಲಾ?

ಪ್ರಶ್ನೆ: ಸಾಗರದಲ್ಲಿ ನಮ್ಮದೊಂದು ಅಡಿಕೆ ಮಂಡಿ ಇದೆ. ಲೆಕ್ಕ ಬರೆಯುವ ಹೆಣ್ಣುಮಗಳು ನಾಲ್ಕು ವರ್ಷದಲ್ಲಿ ಒಂದು ಪೈಸೆ ತಪ್ಪಿದವಳಲ್ಲ. ಈಗ ಎರಡು ತಿಂಗಳಿಂದ ತೂಕದ ಚೀಟಿಯೇ ತಪ್ಪುತ್ತಿದೆ. ಗಂಡ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾನೆ. ಸಂಬಳದ ದಿನ ಬಾಗಿಲಲ್ಲೇ ನಿಂತಿರುತ್ತಾನೆ. ಮೊನ್ನೆ ಅವಳ ಕೈ ಊದಿತ್ತು. ಕೇಳಿದರೆ ಕೊಟ್ಟಿಗೆಯಲ್ಲಿ ಜಾರಿಬಿದ್ದೆ ಅಂದಳು. ಗಂಡನನ್ನು ಕರೆಸಿ ಬುದ್ಧಿ ಹೇಳಲಾ? ಮನೆ ವಿಷಯ ಅಂತ ಸುಮ್ನೆ ಇರಲಾ?

ಉತ್ತರ: ದಯವಿಟ್ಟು ಕರೆಸಬೇಡಿ. ಆ ತಪ್ಪನ್ನು ನಾನು ಮಾಡಿದ್ದೇನೆ. ತೀರ್ಥಹಳ್ಳಿ ಕಡೆ ಒಂದು ಕಚೇರಿಯಲ್ಲಿ ಮೇಲ್ವಿಚಾರಕಿಯಾಗಿದ್ದಾಗ ಹೀಗೇ ಒಬ್ಬಳ ಗಂಡನನ್ನು ಕೂರಿಸಿ, ಕಾಫಿ ಕೊಟ್ಟು ಮಾತಾಡಿದೆ. ಎಲ್ಲದಕ್ಕೂ ತಲೆಯಾಡಿಸಿ ಹೋದ. ಆಫೀಸಲ್ಲಿ ಮಾನ ಕಳೆದೆ ಅಂತ ಅವತ್ತು ರಾತ್ರಿ ಅವಳಿಗೆ ಇನ್ನೂ ಹೊಡೆದ. ಮುಂದಿನ ವಾರ ಕೆಲಸ ಬಿಡಿಸಿದ. ಪಾಪ, ಅವಳು ನಾಲ್ಕು ಜನರ ಮುಖ ನೋಡುತ್ತಿದ್ದದ್ದು ಅಲ್ಲೊಂದೇ ಕಡೆ.

ಸುಮ್ಮನೂ ಇರಬೇಡಿ. ಅವಳೊಬ್ಬಳೇ ಇರುವಾಗ ಮಾತಾಡಿ. ಅವಳಿಗೆ ನಂಬಿಕೆ ಇರುವ ಹೆಂಗಸರು ಯಾರಾದರೂ ಕೇಳಿದರೆ ಇನ್ನೂ ಒಳ್ಳೆಯದು. 'ನಿನ್ನ ಕೆಲಸ ಎಲ್ಲೂ ಹೋಗಲ್ಲ' ಅನ್ನುವುದೇ ಮೊದಲ ಮಾತಾಗಲಿ. ಚೀಟಿಯ ವಿಷಯ ಆಮೇಲೆ. ಅವತ್ತೇ ಬಾಯಿಬಿಡದೇ ಇರಬಹುದು, ಒತ್ತಾಯ ಬೇಡ. ಹೇಳಿಕೊಂಡರೆ 'ಇಷ್ಟು ದಿನ ಯಾಕೆ ಸಹಿಸಿದೆ' ಅಂತ ಮಾತ್ರ ಕೇಳಬೇಡಿ. ಹಮಾಲರ ಕಿವಿಗೂ ಬೀಳಬಾರದು. ಊರು ಸಣ್ಣದು, ಅಲ್ವಾ?

ಸಂಬಳ ಬ್ಯಾಂಕಿಗೆ ಹಾಕಬಹುದು. ಆದರೆ ಅವಳನ್ನು ಕೇಳದೆ ಬದಲಾಯಿಸಿದರೆ ಅದಕ್ಕೂ ಏಟು ತಿನ್ನುವವಳು ಅವಳೇ.

ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾಯ್ದೆ ಇದೆ. ಗಂಡ ಅವಳ ಕೆಲಸದ ಜಾಗಕ್ಕೆ ಬರಬಾರದು, ಫೋನ್ ಮಾಡಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮೀರಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮ ಮಂಡಿ ಬಾಗಿಲಿಗೂ ಇದು ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅರ್ಜಿಗೆ ಅವರು ಸಹಾಯ ಮಾಡುತ್ತಾರೆ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಮಾತಾಡಬೇಕೆನಿಸಿದರೆ ಮಹಿಳಾ ಸಹಾಯವಾಣಿ 181, ಹೊಡೆತ ಬೀಳುತ್ತಿದ್ದರೆ ತುರ್ತು ಸಹಾಯದ 112. ಈ ನಂಬರ್‌ಗಳನ್ನು ಅವಳ ಮೊಬೈಲಿಗೆ ಕಳಿಸಬೇಡಿ, ಅವನು ನೋಡಿಯಾನು. ಬಾಯಲ್ಲೇ ಹೇಳಿ, ನಿಮ್ಮ ಲ್ಯಾಂಡ್‌ಲೈನ್‌ನಿಂದ ಮಾಡಲು ಬಿಡಿ.

ಊದಿದ ಕೈ ನೋಡಿದ ತಾರೀಕು ಒಂದು ಕಡೆ ಬರೆದಿಡಿ. ಮುಂದೆ ಕೋರ್ಟಿನಲ್ಲಿ ಬೇಕಾಗಬಹುದು. ಅವಳು ಕೋರ್ಟಿಗೆ ಹೋಗುವ ದಿನ ಸಂಬಳ ಹಿಡಿಯಬೇಡಿ.