ಸ್ಪೇಸಿ ಜೇನ್ ಬ್ಯಾಂಡ್ ಇಷ್ಟು ದೊಡ್ಡದಾಗಿದ್ದು ಹೇಗೆ?

ಆಸ್ಟ್ರೇಲಿಯಾದ ಈ ಬ್ಯಾಂಡ್ ಒಂದೇ ಒಂದು ಹಾಡು ವೈರಲ್ ಆಗಿ ರಾತ್ರೋರಾತ್ರಿ ಹೆಸರು ಮಾಡಿತಾ ಅಂತ ಕೇಳಿದ್ದೀರಿ. ಇಲ್ಲ, ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ನಾನಿರೋದು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಬ್ಯಾಂಡ್ ಕೂಡ ಈ ಕಡೆಯದೇ. ಕೆಲಸಕ್ಕೆ ಹೋಗುವಾಗ ಕಾರಿನ ರೇಡಿಯೊದಲ್ಲಿ ಇವರ ಹಾಡು ಕೇಳಿ ಕೇಳಿ ಮನೆಯವರಷ್ಟೇ ಹತ್ತಿರವಾಗಿಬಿಟ್ಟಿದ್ದಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಮ್ಯಾಪ್ ತೆಗೆದು ಪರ್ತ್ ಎಲ್ಲಿದೆ ನೋಡಿ. ಸಿಡ್ನಿಗೆ ರಸ್ತೆಯಲ್ಲಿ ಹೋದರೆ ಹತ್ತಿರ ಹತ್ತಿರ 4,000 ಕಿ.ಮೀ. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋದರೂ ಅಷ್ಟಾಗಲ್ಲ. ನಾಲ್ಕು ಜನ, ಗಿಟಾರ್, ಡ್ರಮ್ಸ್, ವಿಮಾನದ ಖರ್ಚು, ಉಳಿಯೋಕೆ ರೂಮು. ಇಷ್ಟೆಲ್ಲ ಹೊತ್ತುಕೊಂಡು ಹೋಗಿ ಒಂದು ಪಬ್‌ನಲ್ಲಿ ಇನ್ನೂರು ಜನರ ಮುಂದೆ ಹಾಡಿದರೆ ಕೈಯಿಂದಲೇ ದುಡ್ಡು ಹೋಗುತ್ತದೆ. ಈ ದೂರವನ್ನು ಮನಸ್ಸಲ್ಲಿ ಇಟ್ಟುಕೊಳ್ಳದೆ ಇವರ ಕಥೆ ಅರ್ಥವಾಗಲ್ಲ.

ಬ್ಯಾಂಡ್ ಶುರುವಾಗಿದ್ದು 2016ರಲ್ಲಿ, ಪರ್ತ್‌ಗೆ ಅಂಟಿಕೊಂಡಿರುವ ಬಂದರು ಊರು ಫ್ರೀಮ್ಯಾಂಟಲ್‌ನಲ್ಲಿ. ಹಾಡುಗಾರ ಕೇಲಬ್ ಹಾರ್ಪರ್ ಇನ್ನೂ 400 ಕಿ.ಮೀ. ಉತ್ತರದ ಜೆರಾಲ್ಡ್‌ಟನ್‌ನವನು. ಡ್ರಮ್ಸ್ ಬಾರಿಸುವ ಕೀರನ್ ಲಾಮಾನೇ ಮ್ಯಾನೇಜರ್ ಕೆಲಸವನ್ನೂ ಮಾಡುತ್ತಿದ್ದ. 2019ರಲ್ಲಿ ಪೆಪ್ಪಾ ಲೇನ್ ಬಾಸ್ ಗಿಟಾರ್‌ಗೆ ಬಂದ ಮೇಲೆ ಈಗಿನ ತಂಡ ಪೂರ್ತಿಯಾಯಿತು.

ಇವರನ್ನು ದೇಶಕ್ಕೆಲ್ಲ ಮುಟ್ಟಿಸಿದ್ದು ಟ್ರಿಪಲ್ ಜೆ. ಅದು ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಯುವಜನರ ರೇಡಿಯೊ. ನಮ್ಮಲ್ಲಿ ಸಿನಿಮಾ ಹಾಡಿಗೆ ಆಕಾಶವಾಣಿ ಎಷ್ಟು ಮುಖ್ಯವಾಗಿತ್ತೋ ಇಲ್ಲಿನ ಹೊಸ ಬ್ಯಾಂಡ್‌ಗಳಿಗೆ ಇದು ಅಷ್ಟೇ ಮುಖ್ಯ. ಅವರ 'ಅನ್‌ಅರ್ಥ್ಡ್' ವೆಬ್‌ಸೈಟಿಗೆ ಯಾರು ಬೇಕಾದರೂ ತಮ್ಮ ಹಾಡು ಹಾಕಬಹುದು, ಹಿಡಿಸಿದರೆ ರೇಡಿಯೊದಲ್ಲಿ ಬರುತ್ತದೆ. ಸಾವಿರಾರು ಕಿ.ಮೀ. ಆಚೆಯವರು ಪರ್ತ್ ಹುಡುಗರ ಹಾಡು ಬಾಯಿಪಾಠ ಮಾಡಿಕೊಳ್ಳೋದು ಹೀಗೆ.

ಆಮೇಲೆ 2020 ಬಂತು. ಏಪ್ರಿಲ್‌ನಲ್ಲಿ ಕೋವಿಡ್ ಅಂತ ಪಶ್ಚಿಮ ಆಸ್ಟ್ರೇಲಿಯಾ ಉಳಿದ ರಾಜ್ಯಗಳಿಗೆ ಗಡಿ ಮುಚ್ಚಿತು. ಜೂನ್‌ನಲ್ಲಿ ಇವರ ಮೊದಲ ಆಲ್ಬಂ 'ಸನ್‌ಲೈಟ್' ಬಿಡುಗಡೆ. ಆಲ್ಬಂ ಕೈಯಲ್ಲಿದೆ, ಟೂರ್ ಹೋಗುವ ಹಾಗಿಲ್ಲ. ಬೇರೆ ಯಾವುದೇ ಬ್ಯಾಂಡ್ ಆಗಿದ್ದರೂ ಅಲ್ಲೇ ಮುಗಿಯುತ್ತಿತ್ತೇನೋ. ಆದರೆ ಗಡಿಯೊಳಗೆ ಸೋಂಕು ಕಡಿಮೆ ಇದ್ದಿದ್ದರಿಂದ ಇಲ್ಲಿ ಕಾರ್ಯಕ್ರಮಗಳು ಬೇಗ ಶುರುವಾದವು. ಮೆಲ್ಬರ್ನ್‌ನವರು ಮನೆಯಿಂದ ಹೊರಗೆ ಕಾಲಿಡಲು ಆಗದೆ ಇವರ ಹಾಡು ಕೇಳುತ್ತಿದ್ದಾಗ ಇವರು ನಮ್ಮ ಕಣ್ಣೆದುರು ಹಾಡುತ್ತಿದ್ದರು. ಆಲ್ಬಂ ದೇಶದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ನೇರವಾಗಿ 2ನೇ ಸ್ಥಾನಕ್ಕೆ ಬಂತು. ಮುಚ್ಚಿದ ಗಡಿಯೇ ಇವರನ್ನು ಬೆಳೆಸಿತು ಅನ್ನೋದು ನನ್ನ ಅನಿಸಿಕೆ.

23 ಜನವರಿ 2021, ಶನಿವಾರ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಟ್ರಿಪಲ್ ಜೆಯ 'ಹಾಟೆಸ್ಟ್ 100' ದಿನ. ಕೇಳುಗರು ತಲಾ 10 ಹಾಡಿಗೆ ಮತ ಹಾಕಿರುತ್ತಾರೆ (ಆ ಸಲ 27 ಲಕ್ಷಕ್ಕೂ ಜಾಸ್ತಿ ಮತ ಬಿದ್ದಿತ್ತು), ನೂರರಿಂದ ಒಂದರವರೆಗೆ ದಿನವಿಡೀ ಹಾಡು ಹಾಕುತ್ತಾರೆ. ಪಕ್ಕದ ಮನೆಯವರು ಹಿತ್ತಲಿಗೆ ಕರೆದಿದ್ದರು. ಸುಡು ಬಿಸಿಲು, ಒಲೆಯ ಮೇಲೆ ಜೋಳದ ತೆನೆ, ಕಿಟಕಿಯ ಮೇಲೊಂದು ಹಳೇ ರೇಡಿಯೊ. ಸಂಜೆ ಹೊತ್ತಿಗೆ ಮೂರನೆಯದು ಮುಗಿಯಿತು. ಸ್ಪೇಸಿ ಜೇನ್ ಹಾಡು 'ಬೂಸ್ಟರ್ ಸೀಟ್' ಇನ್ನೂ ಬಂದಿಲ್ಲ! ಎಲ್ಲರೂ ಮಾತು ನಿಲ್ಲಿಸಿದರು. ಎರಡನೇ ಹಾಡಿನ ಮೊದಲ ಗಿಟಾರ್ ತಂತಿ ಮಿಡಿದಾಗ ನಮ್ಮ ಹಿತ್ತಲಲ್ಲಿ ಕೂಗು, ಬೇಲಿಯಾಚೆ ಕೂಗು, ಅದರಾಚೆಯ ಮನೆಯಲ್ಲೂ ಕೂಗು. ಮೊದಲ ಸ್ಥಾನ ಇಂಗ್ಲೆಂಡಿನ ಗ್ಲಾಸ್ ಅನಿಮಲ್ಸ್‌ಗೆ ಹೋಯಿತು, ಆದರೆ ನಮ್ಮ ಬೀದಿಯಲ್ಲಿ ಅದನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿರಲಿಕ್ಕಿಲ್ಲ.

ಆ ಹಾಡಲ್ಲಿ ಅಬ್ಬರ ಇಲ್ಲ. ಬೂಸ್ಟರ್ ಸೀಟ್ ಅಂದರೆ ಕಾರಿನಲ್ಲಿ ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಸೀಟು. ದೊಡ್ಡವನಾದರೂ ಸ್ಟೇರಿಂಗ್ ತನ್ನ ಕೈಯಲ್ಲಿಲ್ಲ ಅನ್ನುವ ಭಯ ಅದರಲ್ಲಿ ನನಗೆ ಕೇಳಿಸುತ್ತದೆ. ಹಾರ್ಪರ್ ಅದನ್ನು ಮುಚ್ಚಿಡದೆ ಹಾಡುತ್ತಾನೆ, ಸಂಗೀತ ಮಾತ್ರ ಬಿಸಿಲಲ್ಲಿ ಕಡಲ ದಂಡೆಗೆ ಡ್ರೈವ್ ಹೋದಷ್ಟು ಹಗುರ. ಆ ವರ್ಷ ಎಲ್ಲರಿಗೂ ಅದೇ ಬೇಕಿತ್ತು ಅಲ್ವಾ?

ಮುಂದಿನದು ಬೇಗ ಹೇಳುತ್ತೇನೆ. 2021ರಲ್ಲಿ ಅದೇ ಹಾಡಿಗೆ ಆಸ್ಟ್ರೇಲಿಯಾದ ಸಂಗೀತ ಪ್ರಶಸ್ತಿಯಾದ ಆರಿಯಾದಲ್ಲಿ 'ವರ್ಷದ ಹಾಡು' ಪ್ರಶಸ್ತಿ. 2022ರ ಮಾರ್ಚ್‌ನಲ್ಲಿ ಗಡಿ ತೆರೆಯಿತು, ಜೂನ್‌ನಲ್ಲಿ ಬಂದ ಎರಡನೇ ಆಲ್ಬಂ 'ಹಿಯರ್ ಕಮ್ಸ್ ಎವರಿಬಡಿ' ಮೊದಲ ಸ್ಥಾನಕ್ಕೇರಿತು. 2025ರಲ್ಲಿ ಮೂರನೆಯದೂ ಬಂತು.

ನೀವು ಹೊಸದಾಗಿ ಕೇಳುವುದಾದರೆ ಬಿಡಿ ಹಾಡುಗಳಿಂದ ಶುರು ಮಾಡಬೇಡಿ. 'ಸನ್‌ಲೈಟ್' ಪೂರ್ತಿ ಕೇಳಿ, ಉದ್ದದ ರಸ್ತೆಯಲ್ಲಿ ಕಾರು ಓಡಿಸುತ್ತಾ ಕೇಳಲು ಆದರೆ ಇನ್ನೂ ಒಳ್ಳೆಯದು.